ಟೈರೆಸ್ಟಾ, ಟಿವೇಡೆನ್, ಹಾಮ್ರಾ: ಸ್ವೀಡನ್ನಿನ ಹಳೇ ಕಾಡಲ್ಲಿ ನಡೆಯೋಕೆ ಯಾವುದು?

ಬೇಸಿಗೆ ಶುರುವಾದರೆ ಸ್ಟಾಕ್‌ಹೋಮ್‌ನಲ್ಲಿರುವ ನಮ್ಮವರು ಕೇಳುವುದು ಇದನ್ನೇ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಇಲ್ಲಿನ ನಿಜವಾದ ಕಾಡು ತೋರಿಸಬೇಕು, ಎಲ್ಲಿಗೆ ಹೋಗೋಣ? ಈ ಮೂರೂ ರಾಷ್ಟ್ರೀಯ ಉದ್ಯಾನಗಳಲ್ಲಿ ನಡೆದಿದ್ದೇನೆ. ನನ್ನ ಉತ್ತರ ಟೈರೆಸ್ಟಾ. ಹತ್ತಿರ ಇದೆ ಅನ್ನೋದು ಒಂದು ಕಾರಣ ಮಾತ್ರ, ಅದೇ ದೊಡ್ಡ ಕಾರಣ ಅಲ್ಲ.

ಸ್ವೀಡನ್ನಿನಲ್ಲಿ ಕಾಡಿಗೇನೂ ಬರ ಇಲ್ಲ. ಆದರೆ ಬಹುಪಾಲು ಮರಕ್ಕಾಗಿ ಬೆಳೆಸಿದ ಕಾಡು. ನೂರು ವರ್ಷದ ಆಸುಪಾಸಿಗೆ ಕಡಿದು ಮತ್ತೆ ಸಸಿ ನೆಡುತ್ತಾರೆ, ಹಾಗಾಗಿ ಎಲ್ಲ ಮರಕ್ಕೂ ಒಂದೇ ವಯಸ್ಸು, ಒಂದೇ ದಪ್ಪ. ಹಳೇ ಕಾಡನ್ನು ಗುರುತಿಸಬೇಕಾದರೆ ನಿಂತ ಮರದ ಜೊತೆಗೆ ಸತ್ತ ಮರವನ್ನೂ ನೋಡಬೇಕು. ಪೈನ್ ಸತ್ತ ಮೇಲೂ ಬೆಳ್ಳಗೆ ಒಣಗಿ ಎಷ್ಟೋ ಕಾಲ ನಿಂತೇ ಇರುತ್ತದೆ. ಬಿದ್ದ ಮೇಲೆ ಅದರ ಮೈಮೇಲೆ ಪಾಚಿ, ಅಣಬೆ, ಒಳಗೆ ಜೀರುಂಡೆ, ಆ ಹುಳುಗಳಿಗಾಗಿ ಬರುವ ಮರಕುಟಿಗ. ಇದು ನಿಮಗೆ ಕಾಣಬೇಕು ಅಂದರೆ ಟೈರೆಸ್ಟಾ, ಹಾಮ್ರಾ ಎರಡೂ ಸರಿ. ಟಿವೇಡೆನ್ ಸ್ವಲ್ಪ ಹಿಂದೆ.

ಟೈರೆಸ್ಟಾ ಇರುವುದು ಸ್ಟಾಕ್‌ಹೋಮ್ ನಗರದ ಮಧ್ಯದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ. ಕಾರು ಬೇಡ, ಬಸ್ಸಲ್ಲೇ ಹೋಗಬಹುದು. ಇಳಿದರೆ ಕೆಂಪು ಬಣ್ಣದ ಮರದ ಮನೆಗಳ ಪುಟ್ಟ ಹಳ್ಳಿ, ಅದನ್ನು ದಾಟಿದ ತಕ್ಷಣ ಕಾಡು. 400 ವರ್ಷದ ಹತ್ತಿರದ ಪೈನ್‌ಗಳು ಇಲ್ಲಿವೆ. ತೊಗಟೆ ಗಟ್ಟಿ ಬಿಲ್ಲೆಗಳಾಗಿ ಒಡೆದಿರುತ್ತದೆ, ತುದಿ ಚೂಪಾಗಿರದೆ ಚಪ್ಪಟೆ ಆಗಿರುತ್ತದೆ. ಅವೆರಡನ್ನು ಒಮ್ಮೆ ಗುರುತಿಸಿಕೊಂಡರೆ ಸಾಕು, ಆಮೇಲೆ ಯಾವ ಕಾಡಿಗೆ ಹೋದರೂ ಮುದಿ ಮರ ಯಾವುದು ಅಂತ ತಾನಾಗಿ ಗೊತ್ತಾಗುತ್ತದೆ.

ಆದರೆ ನನಗೆ ಈ ಜಾಗ ಜಾಸ್ತಿ ಇಷ್ಟವಾಗಿದ್ದು ಅದರ ಸುಟ್ಟ ಭಾಗದಿಂದ. 1999ರ ಆಗಸ್ಟ್‌ನಲ್ಲಿ ಇಲ್ಲಿ ದೊಡ್ಡ ಕಾಡ್ಗಿಚ್ಚು ಬಿದ್ದು ಸುಮಾರು 450 ಹೆಕ್ಟೇರ್ ಸುಟ್ಟುಹೋಯಿತು. ಬಂಡೆ ಮೇಲಿನ ತೆಳು ಮಣ್ಣೂ ಬೇರೂ ಉರಿದು ಮರಗಳು ಒಂದರ ಮೇಲೊಂದು ಉರುಳಿದವು. ಅವನ್ನು ಯಾರೂ ಎತ್ತಿ ಸಾಗಿಸಲಿಲ್ಲ, ಹಾಗೇ ಬಿಟ್ಟರು. ಈಗ ಅಲ್ಲಿ ಬರ್ಚ್, ಆಸ್ಪೆನ್ ದಟ್ಟವಾಗಿ ಎದ್ದಿವೆ, ಮಧ್ಯೆ ಎಳೆಯ ಪೈನ್‌ಗಳು. ಬೆಳಿಗ್ಗೆ ಮುದಿ ಕಾಡಲ್ಲಿ ನಡೆದು, ಮಧ್ಯಾಹ್ನ ಸ್ಟೆನ್‌ಶೋನ್ ಕೆರೆಯ ಕಡೆ ಈ ಭಾಗಕ್ಕೆ ಬಂದರೆ ಒಂದು ಕಾಡು ಹೇಗೆ ಮುಗಿಯುತ್ತದೆ, ಹೇಗೆ ಮತ್ತೆ ಶುರುವಾಗುತ್ತದೆ ಅನ್ನೋದು ಒಂದೇ ದಿನದಲ್ಲಿ ಕಣ್ಣೆದುರಿಗೆ ಬರುತ್ತದೆ. ಇದು ಬೇರೆರಡು ಕಡೆ ನನಗೆ ಸಿಗಲಿಲ್ಲ. ಭಾನುವಾರ ಮಾತ್ರ ಹೋಗಬೇಡಿ, ಹಳ್ಳಿ ಹತ್ತಿರದ ದಾರಿಯಲ್ಲಿ ಜನವೋ ಜನ.

ಟಿವೇಡೆನ್ ಇರುವುದು ವೆನೆರ್ನ್, ವೆಟರ್ನ್ ಎಂಬ ಎರಡು ದೊಡ್ಡ ಸರೋವರಗಳ ಮಧ್ಯೆ. ಕಾರಿನಲ್ಲಿ ಸುಮಾರು ಮೂರು ಗಂಟೆ, ಬಸ್ಸು ನಂಬಿಕೊಂಡು ಹೊರಡಬೇಡಿ. ನಡೆಯುವ ಖುಷಿ ಮಾತ್ರ ಕೇಳಿದರೆ ಮೂರರಲ್ಲಿ ಇದೇ ಮೊದಲು. ನೆಲ ಬಿರಿದು ಆದ ಕಂದಕ, ಮನೆಗಾತ್ರದ ಬಂಡೆಗಳು, ಅವುಗಳ ಸಂದಿಯಲ್ಲಿ ಕೈಯೂರಿ ಹತ್ತುವ ದಾರಿ. ಟ್ರೋಲ್‌ಶಿರ್ಕಾ ಗುಡ್ಡದ ಸುತ್ತು ಚಿಕ್ಕದಾಗಿ ಕಂಡರೂ ತೊಡೆ ನೋಯಿಸುತ್ತದೆ. ನಡೆದು ಬೆವರಿದ ಮೇಲೆ ವಿಟ್‌ಸಾಂಡ್ ಮರಳ ದಂಡೆಯಲ್ಲಿ ನೀರಿಗಿಳಿಯಬಹುದು. ಆದರೆ ಹಿಂದೆ ಇದ್ದಿಲಿಗೂ ಮರಕ್ಕೂ ಕಡಿದ ಕಾಡು ಇದು. ಮುದಿ ಮರ ಹುಡುಕಿಕೊಂಡು ಹೋದವರಿಗೆ ಬಂಡೆಯೇ ಜಾಸ್ತಿ ಸಿಗುತ್ತದೆ. ಮಂಡಿನೋವಿನ ಹಿರಿಯರನ್ನು ಕರೆದುಕೊಂಡು ಹೋಗೋದು ಬೇಡವೇ ಬೇಡ. ಮಳೆಯಲ್ಲಿ ಕಲ್ಲುಹೂವು ಹತ್ತಿದ ಬಂಡೆ ತುಂಬಾ ಜಾರುತ್ತದೆ.

ಇನ್ನು ಹಾಮ್ರಾ. ಬಹಳ ದೂರ, ಒಂದು ರಾತ್ರಿ ಉಳಿಯಲೇಬೇಕು. ಸ್ವೀಡನ್ 1909ರಲ್ಲಿ ಮೊದಲ ಸಲ ಘೋಷಿಸಿದ ಒಂಬತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ಇದೂ ಒಂದು. ಆಗ ತೀರಾ ಚಿಕ್ಕದು, 2011ರಲ್ಲಿ ಬಹಳ ದೊಡ್ಡದು ಮಾಡಿದರು. ಆ ಹಳೇ ತುಂಡಿನ ಸುತ್ತು ಚಿಕ್ಕದು, ಸಲೀಸು. ಜೌಗಿನ ಮೇಲೆ ಹಲಗೆ ದಾರಿ. ಶಾಲೆಯಲ್ಲಿ ಟೈಗಾ ಅಂತ ಓದಿದ್ದೆವಲ್ಲ, ಅದಕ್ಕೆ ಮೂರರಲ್ಲಿ ಹತ್ತಿರದ್ದು ಇದೇ. ಕರಡಿಗಳಿರುವ ಪ್ರದೇಶ, ಆದರೆ ನನಗೆ ಕಂಡಿಲ್ಲ. ಜನ ಇಲ್ಲವೇ ಇಲ್ಲ ಅನ್ನಬಹುದು. ಸೊಳ್ಳೆ ಮಾತ್ರ ವಿಪರೀತ. ಅಷ್ಟು ದೂರ ಹೋಗಿ ಎರಡೇ ಗಂಟೆಯಲ್ಲಿ ಮುಗಿಸಿ ಬರೋಕೆ ಸುಮ್ನೆ ಹೊರಡಬೇಡಿ, ಮೌನ ಬೇಕು ಅನ್ನುವವರು ಹೋಗಲಿ.

ಬೆರಿ ವಿಷಯದಲ್ಲಿ ಮೂರೂ ಒಂದೇ. ಜುಲೈ ಕೊನೆಯಿಂದ ಬ್ಲೂಬೆರಿ, ಸೆಪ್ಟೆಂಬರ್‌ನಲ್ಲಿ ಲಿಂಗನ್‌ಬೆರಿ. ಒಣ ಕಡ್ಡಿ ಮಾತ್ರ ಮುರಿಯಬೇಡಿ, ಉದ್ಯಾನದೊಳಗೆ ಅದು ತಪ್ಪು.

ಹುಲ್ಲು ಪೊದೆಗಳಿಂದ ಮೈಗೆ ಹತ್ತಿ ರಕ್ತ ಹೀರುವ ಉಣ್ಣಿಯನ್ನು (ಟಿಕ್) ಹಗುರವಾಗಿ ತೆಗೆದುಕೊಳ್ಳಬೇಡಿ. ಮಲೆನಾಡಿನ ಇಂಬಳ ರಕ್ತ ಕುಡಿದು ತಾನೇ ಉದುರುತ್ತದೆ, ಅಲ್ಲಿಗೆ ಮುಗೀತು. ಇದು ಹಾಗಲ್ಲ, ಮಿದುಳಿಗೆ ಊತ ತರುವ ವೈರಸ್ ಹರಡಬಲ್ಲದು. ಸ್ಟಾಕ್‌ಹೋಮ್ ಸುತ್ತಮುತ್ತ ಆ ಅಪಾಯ ಇರುವುದರಿಂದ ಟೈರೆಸ್ಟಾಗೆ ಪದೇ ಪದೇ ಹೋಗುವವರು ಲಸಿಕೆ ಹಾಕಿಸಿಕೊಳ್ಳಿ. ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದ ಮೇಲೆ ಮಕ್ಕಳ ಮಂಡಿಯ ಹಿಂದೆ, ಕಿವಿಯ ಹಿಂದೆ, ಕೂದಲೊಳಗೆ ನೋಡಿ.