‘ಡ್ರಮ್ಮರ್‌ಗೆ ನೋಟೇಷನ್ ಯಾಕಪ್ಪಾ?’ ಅನ್ನೋರಿಗೆ ಫೀಸು ಕಟ್ಟೋ ಮುಂಚೆ ಇದನ್ನ ಓದಿ

ಕೋಲಾರದ ಕಡೆ ಡ್ರಮ್ಸ್ ಕಲಿಯೋಕೆ ಜಾಗ ಹುಡುಕ್ತಿರೋರಿಗೆ, ಬೇಸಿಗೆ ರಜೆಗೆ ಮಕ್ಕಳನ್ನ ಸೇರಿಸೋಣ ಅಂತಿರೋ ಅಪ್ಪ ಅಮ್ಮಂದಿರಿಗೆ ಇದನ್ನ ಬರೀತಿದ್ದೀನಿ. ನೋಟೇಷನ್ (ಸಂಗೀತವನ್ನ ಹಾಳೆ ಮೇಲೆ ಬರೆಯೋ ಗುರುತು) ಹೇಳ್ಕೊಡದೆ ನನ್ನ ಒಂದು ವರ್ಷ ಕಳೆದ ಕ್ಲಾಸಿನ ಹೆಸರು ಹಾಕಲ್ಲ, ಮೆಸೇಜ್ ಮಾಡಿ ಕೇಳಿದ್ರೂ ಹೇಳಲ್ಲ. ಅಂಥ ಕ್ಲಾಸು ಅದೊಂದೇ ಅಲ್ಲ. ಅಲ್ಲದೆ ಅರ್ಧ ತಪ್ಪು ನನ್ನದೇ, ಅದನ್ನೂ ಹೇಳ್ತೀನಿ.

ನಾನು ನರಸಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ ಮಾಡೋನು. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಹಾಡೋರನ್ನ ಬಿಟ್ಟು ಹಿಂದೆ ಕೂತು ಬಾರಿಸೋರನ್ನೇ ಬಾಯಿ ಬಿಟ್ಕೊಂಡು ನೋಡ್ತಾ ಬೆಳೆದೋನು. ಕೈಗೆ ನಾಕು ಕಾಸು ಬಂದ ಮೇಲೆ, 2023ರ ಅಕ್ಟೋಬರ್‌ನಲ್ಲಿ ಕ್ಲಾಸಿಗೆ ಸೇರಿದೆ. ಅಂಗಡಿ ಮೇಲಿನ ಒಂದು ರೂಮು. ಗೋಡೆ ತುಂಬ ಮೊಟ್ಟೆ ಟ್ರೇ. (ಮೊಟ್ಟೆ ಟ್ರೇ ಅಂಟಿಸಿದ್ರೆ ರೂಮಿನೊಳಗಿನ ಪ್ರತಿಧ್ವನಿ ಸ್ವಲ್ಪ ಕಮ್ಮಿ ಆಗುತ್ತೆ ಅಷ್ಟೆ, ಶಬ್ದ ಹೊರಗೆ ಹೋಗೋದು ನಿಲ್ಲಲ್ಲ. ಕೆಳಗಿನ ಅಂಗಡಿಯೋರನ್ನ ಕೇಳಿ ನೋಡಿ.) ಫೀಸು ಒಂದೇ ಸಲ ಕಟ್ಟಿದ್ರೆ 18,000, ಕಂತಲ್ಲಾದ್ರೆ 24,000. ‘6 ತಿಂಗಳಲ್ಲಿ ಸ್ಟೇಜ್’ ಅಂತ ಬೋರ್ಡಲ್ಲೇ ಇತ್ತು. ಒಂದೇ ಸಲ ಕಟ್ಟಿದೆ. ರಸೀದಿ ಕೇಳಲಿಲ್ಲ.

ಮೊದಲನೇ ದಿನವೇ ಕೇಳಿದ್ದೆ, “ಸಾರ್, ನೋಟೇಷನ್ ಓದೋದು ಹೇಳ್ಕೊಡ್ತೀರಾ?”

ಅವರು ನಕ್ಕರು. “ನೋಟೇಷನ್ ಪಿಯಾನೋದವರಿಗೆ ಕಣಪ್ಪಾ. ಡ್ರಮ್ಮರ್‌ಗೆ ಕಿವಿ ಇದ್ರೆ ಸಾಕು. ಮೊನ್ನೆ ತಮಟೆ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತಲ್ಲ, ಅವರೇನು ಪುಸ್ತಕ ಮುಂದಿಟ್ಕೊಂಡು ಬಾರಿಸ್ತಾರಾ?”

ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ನಮ್ಮ ಕಡೆಯೋರಿಗೆಲ್ಲ ಹೆಮ್ಮೆ. ಆ ಹೆಸರು ತೆಗೆದ ಮೇಲೆ ನಾನೇನು ಮಾತಾಡಲಿ? ತಲೆ ಆಡಿಸಿದೆ. ಈಗ ಅನ್ನಿಸುತ್ತೆ, ಅಂಥ ದೊಡ್ಡವರನ್ನ ತನ್ನ ಸೋಮಾರಿತನಕ್ಕೆ ಸಾಕ್ಷಿ ಕರೆದಿದ್ದೇ ದೊಡ್ಡ ತಪ್ಪು. ತಮಟೆ ಕಲಿಯೋರು ಹಿರಿಯರ ಪಕ್ಕ ವರ್ಷಗಟ್ಟಲೆ ನಿಂತು, ಹೆಜ್ಜೆ ಹಾಕ್ತಾ ಹಾಕ್ತಾ ಕಲೀತಾರೆ. ಮೃದಂಗದವರು ಕೈ ಮುಟ್ಟಿಸೋ ಮುಂಚೆ ಬಾಯಲ್ಲಿ ಸೊಲ್ಲು, ಅಂದ್ರೆ ಏಟಿನ ಅಕ್ಷರ, ಹೇಳ್ತಾರೆ. ಹಾಳೆ ಇಲ್ಲದ ಕಡೆ ಹಾಳೆಗಿಂತ ಗಟ್ಟಿಯಾದ ಶಿಸ್ತು ಒಂದಿರುತ್ತೆ. ನಮ್ಮ ಕ್ಲಾಸಲ್ಲಿ ಹಾಳೆನೂ ಇರಲಿಲ್ಲ, ಸೊಲ್ಲೂ ಇರಲಿಲ್ಲ. ಮೊಬೈಲಲ್ಲಿ ಹಾಡು ಹಾಕೋರು, ಅವರು ಬಾರಿಸೋರು, ನಾನು ನೋಡ್ಕೊಂಡು ಬಾರಿಸೋನು. ಒಂದು ವರ್ಷಕ್ಕೆ 9 ಹಾಡು ಬಂದವು. ಹತ್ತನೇ ಹಾಡು ಹಾಕಿದ್ರೆ ಮತ್ತೆ ಮೊದಲಿಂದ ಅವರ ಕೈ ನೋಡ್ಬೇಕು.

ಇನ್ನು ನನ್ನ ತಪ್ಪಿಗೆ ಬರ್ತೀನಿ. ಬೆಂಗಳೂರಿಂದ ಒಂದು ಸೆಕೆಂಡ್ ಹ್ಯಾಂಡ್ ಸೆಟ್ ತಂದು ಮನೆ ಮಹಡಿ ಮೇಲಿನ ಶೀಟ್ ರೂಮಲ್ಲಿ ಹಾಕ್ಕೊಂಡೆ. ವಾರವೆಲ್ಲ ಶಿಫ್ಟು, ಸುಸ್ತು, ಸ್ಟಿಕ್ ಮುಟ್ತಿರಲಿಲ್ಲ. ಭಾನುವಾರ ಒಂದೇ ಸಮ ಮೂರು ಗಂಟೆ. ಅದೂ ಹೇಗೆ? ಗೊತ್ತಿರೋ ಹಾಡನ್ನ ಫುಲ್ ಸ್ಪೀಡಲ್ಲಿ ಶುರು ಮಾಡೋದು, ಚರಣಕ್ಕೆ ಹೋಗೋ ಮುಂಚಿನ ಫಿಲ್‌ನಲ್ಲಿ (ಎರಡು ಭಾಗದ ನಡುವೆ ತುಂಬೋ ಸಣ್ಣ ಬಾರಿಸಾಟ) ಎಡವೋದು, ‘ಹೋಗ್ಲಿ ಬಿಡು’ ಅಂತ ಮುಂದೆ ಹೋಗೋದು. ಪ್ರತಿ ವಾರ ಅದೇ ಜಾಗದಲ್ಲಿ ಅದೇ ಎಡವಟ್ಟು. ಅಂದ್ರೆ ತಪ್ಪನ್ನೇ ವಾರ ವಾರ ಶ್ರದ್ಧೆಯಿಂದ ಅಭ್ಯಾಸ ಮಾಡ್ತಿದ್ದೆ. ಅದು ಕೈಗೆ ಎಷ್ಟು ಚೆನ್ನಾಗಿ ಕೂತಿತ್ತು ಅಂದ್ರೆ ಈಗಲೂ ಆ ಹಾಡು ಕೇಳಿದ್ರೆ ಬಲಗೈ ತಾನಾಗೇ ತಪ್ಪು ಕಡೆ ಹೋಗುತ್ತೆ.

ಏಳೆಂಟು ತಿಂಗಳಿಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯ್ತು. ಮಗ್ ಎತ್ತಿದ್ರೆ, ಗೇಟಿನ ಚಿಲಕ ತಿರುಗಿಸಿದ್ರೆ ಚುಳುಕ್ ಅನ್ನೋದು. ಕ್ಲಾಸಲ್ಲಿ ಹೇಳಿದ್ರೆ, “ನೋವು ಬಂತು ಅಂದ್ರೆ ಕೈ ಪಳಗ್ತಿದೆ ಅಂತ” ಅಂದ್ರು. ಪಳಗಲಿಲ್ಲ, ಊದಿತು. ಡಾಕ್ಟರು 3 ವಾರ ಸ್ಟಿಕ್ ಮುಟ್ಟಬೇಡ ಅಂದ್ರು. ಕಾರಣ ಸ್ಟಿಕ್ಕನ್ನ ಸುತ್ತಿಗೆ ಹಿಡಿದ ಹಾಗೆ ಬಿಗಿಯಾಗಿ ಹಿಡೀತಿದ್ದಿದ್ದು. ಸ್ಟಿಕ್ ಡ್ರಮ್ಮಿನ ಮೇಲೆ ಬಿದ್ದು ತಾನೇ ಪುಟೀಬೇಕು, ಬೆರಳು ಅದಕ್ಕೆ ಜಾಗ ಬಿಡಬೇಕು. ಈ ಒಂದು ಮಾತನ್ನ ಒಂದು ವರ್ಷ ಯಾರೂ ಹೇಳಲಿಲ್ಲ.

ಕಿವಿ ಕಥೆ ಇನ್ನೂ ನಾಚಿಕೆಗೇಡು. ಫ್ಯಾಕ್ಟರಿಯಲ್ಲಿ ಇಯರ್ ಪ್ಲಗ್ ಇಲ್ಲದೆ ಶಾಪ್ ಫ್ಲೋರ್‌ಗೆ ಕಾಲಿಟ್ರೆ ಸೂಪರ್‌ವೈಸರ್ ಬೈತಾರೆ. ಸೇಫ್ಟಿ ಟ್ರೈನಿಂಗಲ್ಲಿ ಚಾರ್ಟ್ ತೋರಿಸಿದ್ರು: ಕಾರ್ಮಿಕರ ಆರೋಗ್ಯ, ಸುರಕ್ಷತೆ ನೋಡೋ ಅಮೆರಿಕದ ನಯೋಶ್ ಸಂಸ್ಥೆ ಶಿಫಾರಸಿನ ಪ್ರಕಾರ 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು, 3 ಡೆಸಿಬಲ್ ಏರಿದ ಹಾಗೆಲ್ಲ ಸಮಯ ಅರ್ಧ ಆಗ್ತಾ ಹೋಗುತ್ತೆ, 100 ಆದ್ರೆ 15 ನಿಮಿಷ. ಮುಚ್ಚಿದ ರೂಮಲ್ಲಿ ಡ್ರಮ್ ಸೆಟ್ಟು ಆ 100ನ್ನ ಲೀಲಾಜಾಲವಾಗಿ ದಾಟುತ್ತೆ. ಆ ಚಾರ್ಟಿಗೆ ಸೈನ್ ಹಾಕಿ ಬಂದೋನು ನಾನೇ, ಭಾನುವಾರ ಶೀಟ್ ರೂಮಲ್ಲಿ ಬರಿ ಕಿವಿಯಲ್ಲಿ ಮೂರು ಗಂಟೆ ಕೂತೋನೂ ನಾನೇ. ರಾತ್ರಿ ಮಲಗಿದ್ರೆ ಎಡಗಿವಿಯಲ್ಲಿ ಜೀರುಂಡೆ. ಈಗ ಕಮ್ಮಿ ಆಗಿದೆ, ಪೂರ್ತಿ ಹೋಗಿಲ್ಲ.

ಇಷ್ಟಾದ್ರೂ ನನಗೆ ಬುದ್ಧಿ ಬರಲಿಲ್ಲ. ಬುದ್ಧಿ ಬಂದಿದ್ದು ಕೆ.ಜಿ.ಎಫ್‌ನಲ್ಲಿ, 2024ರ ಡಿಸೆಂಬರ್‌ನಲ್ಲಿ.

ನಮ್ಮ ಲೈನಲ್ಲಿ ಕೆಲಸ ಮಾಡೋ ಆಂಡರ್ಸನ್‌ಪೇಟೆಯ ಗೆಳೆಯ ಒಬ್ಬ ಇದ್ದಾನೆ. ಅವರ ಚರ್ಚಿನ ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಡ್ರಮ್ಸ್ ಬಾರಿಸೋನಿಗೆ ಜ್ವರ. “ನೀನು ಹೆಂಗೂ ವರ್ಷದಿಂದ ಕಲೀತಿದ್ದೀಯಲ್ಲ, ಬಾ ಮಚ್ಚಾ” ಅಂದ. ಬಂಗಾರಪೇಟೆಯಲ್ಲಿ ಇಳಿದು, ನೀರಿನಷ್ಟೇ ತಿಳಿಯಾಗಿರೋ ಆ ಊರಿನ ಪಾನಿಪೂರಿ ಎರಡು ಪ್ಲೇಟ್ ತಿಂದು, ಖುಷಿಯಾಗಿ ಹೋದೆ. ಸಂಜೆ ರಿಹರ್ಸಲ್, ಮಾರನೇ ದಿನ ಕಾರ್ಯಕ್ರಮ.

ಕ್ವಾಯರ್, ಅಂದ್ರೆ ಚರ್ಚಿನ ಹಾಡುಗಾರರ ತಂಡ, ನಡೆಸೋರು ಎಪ್ಪತ್ತು ದಾಟಿದ ಹಿರಿಯರು. 2001ರಲ್ಲಿ ಗಣಿ ಮುಚ್ಚೋವರೆಗೂ ಅಲ್ಲೇ ಕೆಲಸದಲ್ಲಿದ್ದೋರು. ಮನೆ ಮಾತು ತಮಿಳು, ನನ್ನ ಜೊತೆ ಕನ್ನಡ. ಸ್ಟ್ಯಾಂಡ್ ಮೇಲೆ 4 ಪುಟ ಹಾಳೆ ಇಟ್ರು. ನಾನು ದೊಡ್ಡ ಮನುಷ್ಯನ ಹಾಗೆ, “ಬೇಡ ಸಾರ್, ಹಾಡಿನ ಲಿಂಕ್ ಕಳಿಸಿ, ಕೇಳ್ಕೊಂಡು ಬಾರಿಸ್ತೀನಿ” ಅಂದೆ.

“ಲಿಂಕ್ ಇಲ್ಲ ತಂಬಿ. ಇದು ನಮ್ಮೋರೇ ಬರೆದಿದ್ದು. ಇನ್ನೂ ಯಾರೂ ಹಾಡಿಲ್ಲ.”

ಹಾಳೆ ನೋಡಿದೆ. ಐದು ಗೆರೆ, ಅದರ ಮೇಲೆ ಇರುವೆ ಸಾಲು. ಮೊದಲನೇ ಸಾಲಲ್ಲೇ ಒಂದು ದಪ್ಪ ಅಡ್ಡ ಪಟ್ಟಿ, ಮೇಲೆ 8 ಅಂತ ಇತ್ತು. ಎಂಟು ಸಲ ಏನೋ ಬಾರಿಸ್ಬೇಕು ಅಂದ್ಕೊಂಡೆ. ಅದರ ಅರ್ಥ ಎಂಟು ಬಾರ್ ಸುಮ್ನಿರು ಅಂತ. (ಬಾರ್ ಅಂದ್ರೆ ತಾಳದ ಒಂದು ಆವರ್ತನ ಅಂದ್ಕೊಳ್ಳಿ, ಕೋಲಾರದ ಕ್ಲಾಕ್ ಟವರ್ ಹತ್ರದ ಕುಡಿಯೋ ಬಾರಲ್ಲ.) ಕ್ವಾಯರಿನ ಹೆಣ್ಣುಮಕ್ಕಳು ಮೆಲ್ಲಗೆ ಶುರು ಮಾಡಿದ್ರು, ನಾನು ಕಲ್ಯಾಣ ಮಂಟಪದ ಆರ್ಕೆಸ್ಟ್ರಾ ಥರ ಕಿಕ್ಕು (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ಮು) ಸ್ನೇರು (ಮುಂದಿರೋ ಚಟಪಟ ಡ್ರಮ್ಮು) ಎರಡೂ ಹಾಕ್ಕೊಂಡು ನುಗ್ಗಿದೆ. ಹಿರಿಯರು ಎಡಗೈ ಎತ್ತಿ ನಿಲ್ಲಿಸಿದ್ರು. ಎರಡನೇ ಸಲ ಅಷ್ಟು ಸರಿ ಹೋಯ್ತು. ಮೂರನೇ ಪುಟದಲ್ಲಿ ಜಿ.ಪಿ. ಅಂತ ಎರಡು ಅಕ್ಷರ ಇತ್ತು. ಜನರಲ್ ಪಾಸ್: ಎಲ್ಲರೂ ಒಟ್ಟಿಗೆ ನಿಲ್ಲಬೇಕು. ನಿಂತ್ರು. ಮೂವತ್ತು ಜನ, ಕೀಬೋರ್ಡು, ಎರಡು ಗಿಟಾರು, ಒಂದೇ ಏಟಿಗೆ ಮೌನ. ಆ ಮೌನದೊಳಗೆ ನಾನೊಬ್ಬನೇ ಟಾಮ್ ಡ್ರಮ್ಮುಗಳ ಮೇಲೆ ದಡಬಡ ಅಂತ ಉರುಳಿ ಬಂದು ಕ್ರ್ಯಾಶ್ ಸಿಂಬಲ್ (ಲೋಹದ ತಟ್ಟೆ) ಮೇಲೆ ಬಿದ್ದೆ. ಚರ್ಚಿನ ಸೂರು ಎತ್ತರ, ಕ್ರ್ಯಾಶ್ ಬೇಗ ಸಾಯಲ್ಲ. ಮುಂದಿನ ಬೆಂಚಲ್ಲಿ ಕೂತಿದ್ದ ಒಂದು ಮಗು ಕಿಸಕ್ ಅಂತು.

ಕೊನೆ ಪುಟದಲ್ಲಿ ಡಿ.ಎಸ್. ಅಲ್ ಕೋಡಾ ಇತ್ತು. ಹಿಂದಿನ ಗುರುತಿಗೆ ವಾಪಸ್ ಹೋಗಿ ಅಲ್ಲಿಂದ ಬಾರಿಸಿ, ಆಮೇಲೆ ಸುತ್ತಿನೊಳಗೆ ಕ್ರಾಸ್ ಇರೋ ಗುರುತಿಗೆ ಹಾರಬೇಕು ಅಂತ. ಅವರೆಲ್ಲ ಹಿಂದಕ್ಕೆ ಹೋದ್ರು, ನಾನು ಮುಂದಕ್ಕೆ ಹೋದೆ.

ಮಾರನೇ ದಿನ ಕಾರ್ಯಕ್ರಮದಲ್ಲಿ ಹೈ ಹ್ಯಾಟ್ (ಕಾಲಲ್ಲಿ ಮುಚ್ಚಿ ತೆರೆಯೋ ಜೋಡಿ ತಟ್ಟೆ) ಒಂದನ್ನೇ ಮೆಲ್ಲಗೆ ಬಾರಿಸ್ಕೊಂಡು ಕೂತಿದ್ದೆ, ಹಿರಿಯರ ಕೈ ನೋಡ್ಕೊಂಡು. ಮುಗಿದ ಮೇಲೆ ಪ್ಲಮ್ ಕೇಕ್ ಕೊಟ್ಟು, ಬೆನ್ನು ತಟ್ಟಿ, “ಎಷ್ಟು ದಿನ ಆಯ್ತು ತಂಬಿ ಕಲಿಯೋಕೆ ಶುರು ಮಾಡಿ?” ಅಂದ್ರು. ಹದಿನಾಲ್ಕು ತಿಂಗಳಾಗಿತ್ತು. ಎರಡು ತಿಂಗಳು ಅಂತ ಸುಳ್ಳು ಹೇಳಿದೆ.

ಜನವರಿಯಿಂದ ಶನಿವಾರ ಅವರ ಮನೆಗೇ ಹೋಗ್ತಿದ್ದೀನಿ. ನನಗೆ ಹೊಟ್ಟೆ ಉರಿದಿದ್ದು ಏನು ಅಂದ್ರೆ, ಓದೋದು ಅಷ್ಟೇನೂ ದೊಡ್ಡ ವಿದ್ಯೆ ಅಲ್ಲ. ಕೀಬೋರ್ಡಿನವರ ಹಾಗೆ ಸ್ವರ, ಶ್ರುತಿ ಲೆಕ್ಕ ನಮಗಿಲ್ಲ. ಐದು ಗೆರೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಂದಿನಲ್ಲಿ ಕಿಕ್, ಕೆಳಗಿಂದ ಮೂರನೇ ಸಂದಿನಲ್ಲಿ ಸ್ನೇರ್, ಮೇಲಿನ ಗೆರೆಯ ತಲೆ ಮೇಲೆ ಇಂಟು ಗುರುತು ಹಾಕಿದ್ರೆ ಹೈ ಹ್ಯಾಟ್. ಬೀಟ್ಸ್ ಬಹುಪಾಲು ಈ ಮೂರರಲ್ಲೇ ಮುಗಿಯುತ್ತೆ. ಟಾಮ್, ಸಿಂಬಲ್ ಜಾಗ ಒಂದೊಂದು ಪುಸ್ತಕದಲ್ಲಿ ಒಂದೊಂಥರ ಇರುತ್ತೆ, ಅದಕ್ಕೇ ಮೊದಲ ಪುಟದಲ್ಲಿ ಯಾವುದು ಎಲ್ಲಿ ಅಂತ ಪಟ್ಟಿ ಇರುತ್ತೆ, ಅದನ್ನ ನೋಡ್ಕೊಂಡೇ ಶುರು ಮಾಡ್ಬೇಕು. ಇನ್ನು ಕಾಲದ ಲೆಕ್ಕ. ಒಂದು ಎಣಿಕೆಗೆ ಒಂದು ಏಟು ಬಿದ್ರೆ ಕ್ವಾರ್ಟರ್ ನೋಟ್, ಎರಡು ಬಿದ್ರೆ ಏಯ್ತ್, ನಾಲ್ಕು ಬಿದ್ರೆ ಸಿಕ್ಸ್‌ಟೀನ್ತ್. ಇಂಗ್ಲಿಷಲ್ಲಿ ಅದನ್ನ ‘ಒನ್ ಈ ಆಂಡ್ ಅ’ ಅಂತ ಎಣಿಸ್ತಾರೆ. ನನ್ನ ನಾಲಿಗೆ ಹೊರಳಲಿಲ್ಲ. ಹಿರಿಯರೇ, “ತಕಧಿಮಿ ಅನ್ನು ತಂಬಿ, ಮೂರು ಬಿದ್ರೆ ತಕಿಟ” ಅಂದ್ರು. ಅವತ್ತೇ ಕೂತ್ಕೊಳ್ತು.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೀನಿ. ತಕಧಿಮಿ ಹೇಳೋದು ಬಂದ ಕೂಡಲೇ ಓದೋದೂ ಬಂತು ಅನ್ನಿಸಿಬಿಡುತ್ತೆ. ಏಟಿನ ಗುರುತು ಕಲಿತು, ಬಿಡೋ ಜಾಗದ ಗುರುತು, ಅಂದ್ರೆ ರೆಸ್ಟ್, ಕಲಿಯದೆ ಬಿಟ್ಟಿರ್ತೀವಿ. ‘ತ – ಧಿಮಿ’ ಅಂತ ಎರಡನೇದನ್ನ ನುಂಗಿ ಹೇಳೋಕೆ ನನಗೆ ಎರಡು ವಾರ ಹಿಡೀತು. ಬಾಯಿಗೆ ಬರೋವರೆಗೂ ಅವರು ಸ್ಟಿಕ್ ಮುಟ್ಟೋಕೆ ಬಿಡಲಿಲ್ಲ.

ಈಗ ಶಿಫ್ಟ್ ದಿನ ರಬ್ಬರ್ ಪ್ಯಾಡ್ ಮೇಲೆ ಅರ್ಧ ಗಂಟೆ, ಅಷ್ಟೆ. ಭಾನುವಾರ ಸೆಟ್ ಮೇಲೆ ಮುಕ್ಕಾಲು ಗಂಟೆ, ಕಿವಿಗೆ ಮಫ್ ಹಾಕ್ಕೊಂಡು. ಟಿಕ್ ಟಿಕ್ ಅಂತ ಲಯ ಹಿಡಿಯೋ ಮೆಟ್ರೊನೋಮ್‌ಗೆ ಪೇಟೆಂಟ್ ಆಗಿ 200 ವರ್ಷದ ಮೇಲಾಯ್ತು (1815), ಈಗ ಫೋನಲ್ಲಿ ಪುಕ್ಕಟೆ ಸಿಗುತ್ತೆ. ಅದನ್ನ ನಿಮಿಷಕ್ಕೆ 60 ಎಣಿಕೆಗೆ ಇಟ್ಟು ಸಿಂಗಲ್ (ಕೈಗೊಂದು ಏಟು), ಡಬಲ್ (ಕೈಗೆರಡು), ಪ್ಯಾರಡಿಡಲ್: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂಥ ಮೂಲ ಪಾಠಗಳು (ರುಡಿಮೆಂಟ್) 40 ಇವೆ, ನನಗೆ ಸರಿಯಾಗಿ ಬರೋದು 6. 60ರಲ್ಲಿ ಬಾರಿಸೋದು 120ಕ್ಕಿಂತ ಕಷ್ಟ, ಬೇಕಾದ್ರೆ ಮಾಡಿ ನೋಡಿ. ಎರಡು ಏಟಿನ ನಡುವೆ ಅಷ್ಟು ಜಾಗ ಇದ್ರೆ ಕಳ್ಳತನ ಮಾಡೋಕಾಗಲ್ಲ. ಐದು ನಿಮಿಷ ಒಂದೂ ತಪ್ಪಿಲ್ಲದೆ ಬಂದ ಮೇಲೆ 64. ಆಮೇಲೆ ಹಿಂದೆ ಕಣ್ಣಲ್ಲೂ ನೋಡಿರದ ನಾಲ್ಕು ಬಾರ್ ಓದ್ತೀನಿ. ಹೊಸದೇ ಆಗಿರ್ಬೇಕು, ಯಾಕಂದ್ರೆ ಎರಡು ಸಲ ಬಾರಿಸಿದ ಮೇಲೆ ಕೈಗೆ ಬಾಯಿಪಾಠ ಆಗಿರುತ್ತೆ, ಕಣ್ಣು ಹಾಳೆ ಮೇಲಿದ್ರೂ ಓದ್ತಾ ಇರಲ್ಲ. ಉಳಿದ ಹೊತ್ತು ಎಡವೋ ಆ ಒಂದು ಬಾರ್ ಮಾತ್ರ, ಅದರ ಹಿಂದಿಂದು ಒಂದು ಸೇರಿಸಿ. ಪೂರ್ತಿ ಹಾಡು ಬಾರಿಸೋದು ಕೊನೆಗೆ, ಖುಷಿಗೆ. ಅದನ್ನ ಪ್ರಾಕ್ಟೀಸ್ ಲೆಕ್ಕಕ್ಕೆ ಹಿಡಿಯಲ್ಲ.

ಕ್ಲಾಸಿಗೆ ಸೇರೋ ಮುಂಚೆ ಹೀಗೆ ಮಾಡಿ. ಯಾವುದಾದ್ರೂ ಡ್ರಮ್ಸ್ ಪುಸ್ತಕದ ಒಂದು ಪುಟ ಪ್ರಿಂಟ್ ತಗೊಂಡು ಹೋಗಿ, “ಸಾರ್, ಈ ಎರಡು ಸಾಲು ಬಾರಿಸಿ ತೋರಿಸ್ತೀರಾ?” ಅಂತ ವಿನಯವಾಗಿ ಕೇಳಿ. ಬರೋರು ನಿಂತ ಕಾಲಲ್ಲೇ ಬಾರಿಸ್ತಾರೆ. ಬರದೇ ಇರೋರು ನಿಮಗೆ ಭಾಷಣ ಕೊಡ್ತಾರೆ, ದೊಡ್ಡವರ ಹೆಸರು ತೆಗೀತಾರೆ. ಅವರ ಹತ್ರ ವರ್ಷದಿಂದ ಇರೋ ಹುಡುಗನನ್ನ ಹೊರಗೆ ಸಿಕ್ಕಾಗ ಮಾತಾಡಿಸಿ, ಎಷ್ಟು ಹಾಡು ಬರುತ್ತೆ ಅಂತ ಕೇಳ್ಬೇಡಿ, ಹೊಸ ಹಾಡು ಸಿಕ್ರೆ ಒಬ್ಬನೇ ಕೂತು ಕಲೀತೀಯಾ ಅಂತ ಕೇಳಿ. ಕೈ ನೋವು ಅಂದಾಗ ಸ್ಟಿಕ್ ಹಿಡಿದಿರೋ ರೀತಿ ನೋಡದೆ ಮಾತಾಡೋರ ಹತ್ರ ಮಕ್ಕಳನ್ನಂತೂ ಬಿಡ್ಬೇಡಿ. ದುಡ್ಡು ತಿಂಗಳು ತಿಂಗಳು ಕೊಡಿ, ರಸೀದಿ ತಗೊಳ್ಳಿ. ಹೆಬ್ಬೆರಳಿನ ಬುಡ ಊದಿ ತಪ್ಪಿಹೋದ ಕ್ಲಾಸುಗಳ ದುಡ್ಡು ವಾಪಸ್ ಕೇಳೋಕೆ ಹೋದಾಗ ನನಗೆ ಸಿಕ್ಕಿದ ಉತ್ತರ, “ರಸೀದಿ ತೋರಿಸಪ್ಪಾ.” ಸುಮ್ನೆ ಕಳಿಸ್ಬಾರ್ದು ಅಂತ ಒಂದು ಜೊತೆ ಹಳೇ ಸ್ಟಿಕ್ ಕೊಟ್ರು. ಒಂದು ಸೀಳಿತ್ತು.

ಈ ವರ್ಷ ಕ್ರಿಸ್ಮಸ್‌ಗೂ ಕರೆದಿದ್ದಾರೆ. ಹೋದ ವರ್ಷದ್ದೇ ಹಾಡು, ಹಾಳೆ ನವೆಂಬರ್ ಮೊದಲನೇ ವಾರವೇ ವಾಟ್ಸಾಪಲ್ಲಿ ಬಂತು. ಮೂರನೇ ಪುಟದ ಜಿ.ಪಿ. ಸುತ್ತ ಹಿರಿಯರು ಕೆಂಪು ಪೆನ್ನಲ್ಲಿ ಎರಡು ಸುತ್ತು ಹಾಕಿ ಕಳಿಸಿದ್ದಾರೆ.