ಬಿಟಿಎಂ ಲೇಔಟಿನ ಪೀಜಿಯಲ್ಲಿ ಮೂರು ವರ್ಷ: ಊಟದ್ದಲ್ಲ, ಬಚ್ಚಲಿನ ವಿಮರ್ಶೆ

2022ರ ಜೂನ್‌ನಿಂದ 2025ರ ಆಗಸ್ಟ್‌ವರೆಗೆ ಬೆಂಗಳೂರಿನ ಬಿಟಿಎಂ ಎರಡನೇ ಹಂತದ ಒಂದು ಲೇಡೀಸ್ ಪೀಜಿಯಲ್ಲಿದ್ದೆ. ಸೇರಿದಾಗ ಟೂ ಶೇರಿಂಗ್‌ಗೆ ತಿಂಗಳಿಗೆ 8,500, ಬಿಡುವಾಗ 11,000. ಹೆಸರು ಬರೆಯುವುದಿಲ್ಲ, ಗೆಳತಿಯರು ಇನ್ನೂ ಅಲ್ಲೇ ಇದ್ದಾರೆ. ಊಟ, ವೈಫೈ, ಗೇಟು ಹಾಕುವ ಹೊತ್ತು ಇವುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಬರೆಯಹೊರಟಿರುವುದು ನಮ್ಮ ಮಹಡಿಯ 11 ಜನ ಹಂಚಿಕೊಳ್ಳುತ್ತಿದ್ದ ಎರಡು ಬಚ್ಚಲು, ಎರಡು ಟಾಯ್ಲೆಟ್ಟು, ನಾವೇ ಬೇಯಿಸಿಕೊಳ್ಳಲಿ ಎಂದು ಬಿಟ್ಟುಕೊಟ್ಟಿದ್ದ ಒಂದು ಅಡುಗೆಮನೆ ಬಗ್ಗೆ. ಐದಕ್ಕೆ ಮೂರು ಸ್ಟಾರ್.

ಮೊದಲ ದಿನ ಬಚ್ಚಲು ನೋಡಿ ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೆ. ಬಕೆಟ್ಟಿನ ಒಳಗೆ ಬೂದಿ ಬಳಿದ ಹಾಗೆ ಬಿಳಿ ಪದರ, ನಲ್ಲಿಯ ಬಾಯಿಗೆ ಗಟ್ಟಿ ಗಂಟು, ಟೈಲ್ಸ್ ಮೇಲೆಲ್ಲ ಇಳಿದ ಗೆರೆ. ಸಬೀನ ಪುಡಿ ಹಾಕಿ, ತಿಪಟೂರಿನಿಂದ ತಂದ ತೆಂಗಿನ ನಾರಲ್ಲಿ ಅರ್ಧ ಗಂಟೆ ತಿಕ್ಕಿದರೂ ಜಪ್ಪಯ್ಯ ಅನ್ನಲಿಲ್ಲ. ಅದು ಕೊಳೆಯೇ ಅಲ್ಲ ಅಂತ ತಿಳಿಯಲು ತಿಂಗಳು ಹಿಡಿಯಿತು. ಬೋರ್‌ವೆಲ್ ನೀರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಒಣಗಿ ಕೂತದ್ದು. ಅದೇ ನೀರು ಸೋಪಿಗೆ ಸೇರಿದರೆ ನೊರೆಯ ಬದಲು ಬೂದುಬಣ್ಣದ ಅಂಟಾಗುತ್ತದೆ; ನೆಲ ಜಿಡ್ಡುಜಿಡ್ಡು ಅನಿಸುವುದು ಅದರಿಂದ. ನಿಂಬೆ ಹೋಳೋ ನೆನೆಸಿದ ಹುಣಸೆಹಣ್ಣೋ ಸವರಿ ಸ್ವಲ್ಪ ಹೊತ್ತು ಬಿಟ್ಟು ತಿಕ್ಕಿದರೆ ಸಡಿಲವಾಗುತ್ತದೆ. ನೋಡಲು ಅಸಹ್ಯ ಅಷ್ಟೇ.

ಓನರ್ ಆಂಟಿಗೆ ಗೊತ್ತಿದ್ದ ಮದ್ದು ಆ್ಯಸಿಡ್ ಒಂದೇ. ವಾರವಾರ ಸುರಿಸಿ ಸುರಿಸಿ ಟೈಲ್ಸ್ ನಡುವಿನ ಸಿಮೆಂಟೇ ಎದ್ದುಹೋಯಿತು. ಆ ಸಂದಿಯಲ್ಲಿ ನೀರು ನಿಂತು ಕಪ್ಪು ಬೂಷ್ಟು ಹಿಡಿಯಿತು. ಯಾರಿಗೂ ಏನೂ ಮಾಡದ ಬಿಳಿ ಹೋಗಿ ನಿಜವಾದ ಕೊಳೆ ಬಂದು ಕೂತ ಹಾಗಾಯಿತು. ಒಂದು ಸಲವಂತೂ ಬ್ಲೀಚಿಂಗ್ ಪೌಡರ್ ಉದುರಿಸಿದ್ದ ನೆಲಕ್ಕೇ ಆ್ಯಸಿಡ್ ಬಿತ್ತು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕ್ಲೀನಿಂಗ್ ಅಕ್ಕ ಕೆಮ್ಮುತ್ತಾ ಹೊರಗೆ ಓಡಿಬಂದರು, ಮಹಡಿಯವರೆಲ್ಲ ಕಿಟಕಿಗೆ ಮುಖ ಕೊಟ್ಟು ನಿಂತೆವು. ದಯವಿಟ್ಟು ನಿಮ್ಮ ಮನೆಯಲ್ಲೂ ಇವೆರಡನ್ನು ಸೇರಿಸಬೇಡಿ.

ವಾಸನೆಯ ವಿಷಯದಲ್ಲಿ ನನ್ನ ಲೆಕ್ಕ ಪೂರ್ತಿ ತಪ್ಪಿತು. ಜನ ಜಾಸ್ತಿ, ಅದಕ್ಕೇ ನಾತ ಅಂದುಕೊಂಡಿದ್ದೆ. ದಸರಾ ರಜೆಗೆ ಎಲ್ಲರೂ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದು ಬಾಗಿಲು ತೆಗೆದರೆ ಹಿಂದೆಂದೂ ಇಲ್ಲದ ಗಬ್ಬು. ಯಾರೂ ಬಳಸದಿದ್ದಾಗಲೇ ಹೆಚ್ಚು ನಾರಿತ್ತು! ಪ್ಲಂಬರ್ ಬಂದು ನೆಲದ ಜಾಲರಿ ಎತ್ತಿ ತೋರಿಸಿದ. ಅದರ ಕೆಳಗಿನ ಟ್ರ್ಯಾಪಿನಲ್ಲಿ ಯಾವಾಗಲೂ ಒಂದಷ್ಟು ನೀರು ನಿಂತಿರಬೇಕು. ಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. ಅದು ಆರಿದರೆ ವಾಸನೆಯೂ ಬರುತ್ತದೆ, ಜಿರಳೆಯೂ ಬರುತ್ತದೆ. ಎರಡು ಮಗ್ಗು ನೀರು ಹುಯ್ದ, ಅಷ್ಟೇ. ಅಲ್ಲಿಯವರೆಗೆ ನಾವು ಲೀಟರುಗಟ್ಟಲೆ ಫಿನಾಯಿಲ್ ಸುರಿದಿದ್ದೆವು. ಫಿನಾಯಿಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ತೊಳೆದಿದ್ದಾರೆ ಅಂತ ಮನಸ್ಸು ನಂಬಿಬಿಡುತ್ತದೆ.

ಇಷ್ಟಾದರೂ ನನಗೆ ಮೂರು ವರ್ಷವೂ ಅಭ್ಯಾಸವಾಗದೇ ಉಳಿದದ್ದು ಒದ್ದೆ. ಬೆಳಿಗ್ಗೆ ಎಂಟಕ್ಕೆ ಬಚ್ಚಲಿಗೆ ಕಾಲಿಟ್ಟರೆ ಯಾರದೋ ಸ್ನಾನದ ನೀರು ಇನ್ನೂ ಬೆಚ್ಚಗೆ ಅಂಗಾಲಿಗೆ ತಾಗುತ್ತದೆ. ಚಿಲಕ ಒದ್ದೆ, ಗೂಟ ಒದ್ದೆ, ಗೋಡೆಗೆ ಅಂಟಿದ ಒಂದು ಉದ್ದ ಕೂದಲು. ಯೋಚಿಸಿ ನೋಡಿದರೆ ಅದು ಈಗಷ್ಟೇ ಸೋಪು ಹಚ್ಚಿಕೊಂಡು ಹೋದವಳ ನೀರು, ಅದರಲ್ಲಿ ಕೊಳಕೇನಿದೆ? ಊರಲ್ಲಿ ತಂಗಿ ಸ್ನಾನ ಮಾಡಿ ಬಂದ ಕೂಡಲೇ ಅದೇ ಬಚ್ಚಲಿಗೆ ನುಗ್ಗುತ್ತೇನೆ, ಏನೂ ಅನಿಸುವುದಿಲ್ಲ. ಇಲ್ಲಿ ಯಾರ ಒದ್ದೆ ಅಂತ ಗೊತ್ತಿಲ್ಲ, ಅದಕ್ಕೇ ಮೈ ಮುದುಡುತ್ತದೆ.

ಇದು ಬರೀ ಮನಸ್ಸಿನ ಆಟವೂ ಅಲ್ಲ ಅಂತ ತೋರಿಸಿದ್ದು 2024ರ ಬೇಸಿಗೆ. ನೆನಪಿರಬಹುದು, ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಬೇಸಿಗೆ. ನಮಗೆ ಒಬ್ಬರಿಗೆ ದಿನಕ್ಕೆ ಒಂದು ಬಕೆಟ್. ಟಾಯ್ಲೆಟ್ಟಿನ ಪಾಡು ಹೇಳುವ ಹಾಗಿರಲಿಲ್ಲ, ಫ್ಲಶ್‌ಗೆ ನೀರೇ ಇಲ್ಲ. ಬಚ್ಚಲು ಮಾತ್ರ ಮೂರು ವರ್ಷದಲ್ಲೇ ಅತ್ಯಂತ ಚೊಕ್ಕಟವಾಗಿತ್ತು! ಬಕೆಟ್ಟುಗಟ್ಟಲೆ ಸುರಿದು ತೊಳೆಯಲು ನೀರಿಲ್ಲದೆ ಅಕ್ಕ ವೈಪರ್ ಎಳೆದು, ಒಣಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದರು. ನೆಲ ಮಧ್ಯಾಹ್ನಕ್ಕೇ ಒಣಗುತ್ತಿತ್ತು. ಬಾಗಿಲ ಬುಡದ ಪಾಚಿ ಉದುರಿತು, ಮೂಲೆಯಲ್ಲಿ ಬೆಳೆಯುತ್ತಿದ್ದ ಗುಲಾಬಿ ಬಣ್ಣದ ಲೋಳೆ ಕಾಣೆಯಾಯಿತು. ಜೂನ್‌ನಲ್ಲಿ ಮಳೆ ಬಂತು, ನೀರು ಬಂತು, ಲೋಳೆಯೂ ವಾಪಸ್ಸು ಬಂತು. ಕಿಟಕಿಯಿಲ್ಲದ ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಇತ್ತು. ಕರೆಂಟ್ ಬಿಲ್ ಬರುತ್ತದೆಂದು ಅದರ ವೈರು ಕಿತ್ತಿಟ್ಟಿದ್ದರು.

ಅಡುಗೆಮನೆಯಲ್ಲಿ ಕಣ್ಣಿಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಗ್ರಾನೈಟ್ ಕಟ್ಟೆ ಹೊಳೆಯುತ್ತಿತ್ತು, ಸ್ಟೌವ್ ದಿನಾ ಒರೆಸುತ್ತಿದ್ದರು. ಅಪಾಯವೆಲ್ಲ ಸಿಂಕಿನ ಮೂಲೆಯ ಹಳದಿ ಸ್ಪಂಜಿನಲ್ಲಿ. 11 ಜನಕ್ಕೆ ಅದೊಂದೇ. ಹಾಲು ಉಕ್ಕಿದ್ದು, ಮೊಟ್ಟೆ ಒಡೆದದ್ದು, ಕೋಳಿ ತೊಳೆದ ಪಾತ್ರೆ ಎಲ್ಲಕ್ಕೂ ಅದೇ, ಸದಾ ಒದ್ದೆ, ತೂತುತೂತಿನಲ್ಲಿ ಅನ್ನದ ಕಣ. ಬ್ಯಾಕ್ಟೀರಿಯಾ ಬೆಳೆಯಲು ಇನ್ನೇನು ಬೇಕು? ಅಜ್ಜಿ ಎಂಜಲು ಬೇರೆ, ಮುಸುರೆ ಬೇರೆ ಅಂತ ಲೆಕ್ಕ ಇಡುತ್ತಿದ್ದರು, ನಾನು ನಗುತ್ತಿದ್ದೆ. ನನಗೆ ಮಡಿಗಿಡಿ ಏನೂ ಇಲ್ಲ, ಆದರೆ ಆ ಸ್ಪಂಜು ಕೈಗೆತ್ತಿಕೊಂಡಾಗಲೆಲ್ಲ ಅಜ್ಜಿ ನೆನಪಾಗುತ್ತಿದ್ದರು. ಕೊನೆಗೆ ನನ್ನ ಪಾತ್ರೆಗೆ ನನ್ನದೇ ತೆಂಗಿನ ನಾರು ಇಟ್ಟುಕೊಂಡೆ. ಗಾಳಿಗಿಟ್ಟರೆ ಬೇಗ ಒಣಗುತ್ತದೆ, ಹದಿನೈದು ದಿನಕ್ಕೆ ಎಸೆದರೆ ನಷ್ಟವೂ ಇಲ್ಲ.

ಮಾಪಿನದ್ದು ಇನ್ನೊಂದು ಕಥೆ. ಅಕ್ಕನಿಗೆ ಕೊಟ್ಟಿದ್ದು ಒಂದೇ ಮಾಪು. ಟಾಯ್ಲೆಟ್ಟಿಗೂ ಅದೇ, ಅಲ್ಲಿಂದ ಎತ್ತಿಕೊಂಡು ಬಂದು ಅಡುಗೆಮನೆಗೂ ಅದೇ. ಬೈಯುವುದಾದರೆ ಅವರನ್ನಲ್ಲ. “ಅಣ್ಣ, ಇನ್ನೊಂದು ಮಾಪ್ ಕೊಡ್ಸಿ” ಅಂತ ಮ್ಯಾನೇಜರ್‌ಗೆ ಐದು ಸಲ ಹೇಳಿದ್ದೇನೆ. “ಆಯ್ತಮ್ಮ, ನೋಡೋಣ.” ಕೊನೆಗೆ ನಾವೇ ಚಂದಾ ಎತ್ತಿ ತಂದು, ಹಿಡಿಗೆ ಕೆಂಪು ದಾರ ಕಟ್ಟಿ ಟಾಯ್ಲೆಟ್ಟಿನದ್ದು ಅಂತ ಗುರುತು ಮಾಡಿದೆವು. ಅದೇ ಉತ್ಸಾಹದಲ್ಲಿ ಫ್ರಿಡ್ಜಿನ ಡಬ್ಬಿಗಳಿಗೂ ಹೆಸರು, ತಾರೀಕು ಅಂಟಿಸಿದೆವು. ಅದಕ್ಕೆ ಮುಂಚೆ ಒಂದು ಸ್ಟೀಲ್ ಡಬ್ಬಿಯ ಸಾಂಬಾರು ಮೂರು ವಾರ ಇತ್ತು, ಬೇರೆಯವರದ್ದು ಎಸೆಯಲು ಯಾರಿಗೂ ಧೈರ್ಯವಿಲ್ಲ. ಹೆಸರು ಬರೆಯುವ ಪದ್ಧತಿ ನಾಲ್ಕು ತಿಂಗಳು ನಡೆದು ನಿಂತಿತು. ಕೆಂಪು ದಾರ ಮಾತ್ರ ನಾನು ಬಿಡುವವರೆಗೂ ಇತ್ತು.

2024ರ ಆಗಸ್ಟ್‌ನಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ ಪೀಜಿಗಳಿಗೆ ನಿಯಮ ತಂದಿತು: ಒಬ್ಬರಿಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಶುಚಿಯಾದ ಶೌಚಾಲಯ. ನಮ್ಮಲ್ಲಿ ಬಂದದ್ದು ಸಿಸಿಟಿವಿ.

ಮತ್ತೆ ಮೂರು ಸ್ಟಾರ್ ಯಾಕೆ ಅಂದರೆ, ಸೋಲಾರ್ ಬಿಸಿನೀರು ಒಂದು ದಿನವೂ ಕೈಕೊಡಲಿಲ್ಲ, ಅಕ್ಕ ಭಾನುವಾರವೂ ಬರುತ್ತಿದ್ದರು, ಮೆಟ್ರೋ ಕೆಲಸ ನಡೆಯುವ ರಸ್ತೆ ದಾಟದೆ ಆಫೀಸು ಸೇರಬಹುದಿತ್ತು. ನೀವು ಪೀಜಿ ನೋಡಲು ಹೋಗುವುದಾದರೆ ಸಂಜೆ ಹೋಗಬೇಡಿ, ಆಗ ಎಲ್ಲ ಒಣಗಿ ಫಿನಾಯಿಲ್ ಘಮಘಮ. ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ. ಎಕ್ಸಾಸ್ಟ್ ಫ್ಯಾನ್ ಸ್ವಿಚ್ ಒತ್ತಿ ನೋಡಿ, ಸ್ಪಂಜು ಮೂಸಿ ನೋಡಿ, ಮಾಪು ಎಷ್ಟಿವೆ ಎಣಿಸಿ. ಅಡ್ವಾನ್ಸ್ 15,000ದಲ್ಲಿ ಕ್ಲೀನಿಂಗ್ ಚಾರ್ಜ್ ಅಂತ 3,000 ಹಿಡಿದುಕೊಂಡರು. ಬಾಕಿ ಎರಡೇ ದಿನಕ್ಕೆ ಅಕೌಂಟಿಗೆ ಬಂತು.