ಪದ್ಮಿನಿ ಡೋರಿಗೆ ಯಾವ ಬೀಡಿಂಗ್? ಮೂರನ್ನೂ ಹಾಕಿ ನೋಡಿದ್ದು

ಪ್ರೀಮಿಯರ್ ಪದ್ಮಿನಿಯ ಕಿಟಕಿ ರಬ್ಬರ್ ಬದಲಾಯಿಸಬೇಕು ಅಂದರೆ ಇವತ್ತು ಮೂರು ದಾರಿ ಇವೆ. ಸ್ಪೇರ್ಸ್ ಅಂಗಡಿಯ ರೆಡಿ ಸೆಟ್, ಯಾವುದೋ ಗೋಡೌನಿನಲ್ಲಿ ಉಳಿದ ಹಳೇ ಸ್ಟಾಕ್, ಇಲ್ಲವೇ ಮೀಟರ್ ಲೆಕ್ಕದಲ್ಲಿ ಮಾರುವ ರೋಲ್. ನಮ್ಮ ಮನೆಯ ಪದ್ಮಿನಿಗೆ ಬೇಕಂತಲೇ ಮೂರನ್ನೂ ಹಂಚಿ ಹಾಕಿದೆ. ಡ್ರೈವರ್ ಡೋರಿಗೆ ರೆಡಿ ಸೆಟ್, ಮುಂದಿನ ಎಡಗಡೆಗೆ ಹಳೇ ಸ್ಟಾಕ್, ಹಿಂದಿನ ಎರಡಕ್ಕೂ ರೋಲ್. ಬಿಸಿಲು, ಮಳೆ, ಬೆಂಗಳೂರಿನ ಧೂಳು ಎಲ್ಲಕ್ಕೂ ಸಮಾನ. ಯಾವುದು ತಾಳುತ್ತದೆ ನೋಡೋಣ ಅಂತ.

ಮೊದಲು ಒಂದು ಮಾತು. ಅಂಗಡಿಯವರು ಎಲ್ಲವನ್ನೂ ಬೀಡಿಂಗ್ ಅಂತಲೇ ಕರೆಯುತ್ತಾರೆ. ಆದರೆ ಒಂದು ಕಿಟಕಿಗೆ ಬೇಕಾಗುವುದು ಮೂರು ಬೇರೆ ಬೇರೆ ತುಂಡು. ಗಾಜು ಡೋರಿನೊಳಗೆ ಇಳಿಯುವ ಸಂದಿಯ ಹೊರ ಅಂಚಿಗೆ ಔಟರ್, ಒಳ ಅಂಚಿಗೆ ಇನ್ನರ್, ಗಾಜು ಮೇಲೆ ಕೆಳಗೆ ಓಡಾಡುವ ದಾರಿಗೆ ಚಾನಲ್. ಔಟರ್ ನೀರನ್ನೂ ಮಣ್ಣನ್ನೂ ಒರೆಸುತ್ತದೆ. ಇನ್ನರ್ ಗಾಜನ್ನು ಅದಕ್ಕೆ ಎದುರಾಗಿ ಒತ್ತಿ ಹಿಡಿಯುತ್ತದೆ. ಗುಂಡಿ ರಸ್ತೆಯಲ್ಲಿ ಗಾಜು ಕಟಕಟ ಅನ್ನದ ಹಾಗೆ ನೋಡಿಕೊಳ್ಳುವುದು ಮುಖ್ಯವಾಗಿ ಚಾನಲ್. ಅಂಗಡಿಗೆ ಹೋಗುವಾಗ ಹಳೇ ತುಂಡಿನ ಒಂದು ಚೂರು ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಫೋನಿನ ಫೋಟೋ ನಂಬಿ ತಂದ ರಬ್ಬರ್ ಕೂತರೆ ಅದು ಬರೀ ಅದೃಷ್ಟ.

ರೆಡಿ ಸೆಟ್ ಇನ್ನೂ ಸಿಗುತ್ತಿದೆ ಅಂದರೆ ಅದಕ್ಕೆ ಮುಂಬೈ ಟ್ಯಾಕ್ಸಿಗಳ ಋಣ ದೊಡ್ಡದು. ಈ ಕಾರು 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಂತು. ಪದ್ಮಿನಿ ಅನ್ನುವ ಹೆಸರು ಸಿಕ್ಕಿದ್ದು 70ರ ದಶಕದಲ್ಲಿ. ಕುರ್ಲಾ ಕಾರ್ಖಾನೆಯಿಂದ ಹೊಸ ಗಾಡಿ ಬರುವುದು ನಿಂತ ಮೇಲೂ ಕಪ್ಪು ಹಳದಿ ಟ್ಯಾಕ್ಸಿಗಳು ವರ್ಷಗಟ್ಟಲೆ ಓಡಿದವು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರ್‌ನಲ್ಲಿ. ಟ್ಯಾಕ್ಸಿಗಳಿಗೆ ಅಲ್ಲಿ 20 ವರ್ಷದ ಮಿತಿ ಇರುವುದರಿಂದ 2023ರಲ್ಲಿ ಅದೂ ರಸ್ತೆ ಬಿಟ್ಟಿತು. ಇನ್ನು ಮುಂದೆ ಈ ರಬ್ಬರ್ ಕೇಳುವವರು ನಮ್ಮಂಥ ಹಳೇ ಕಾರಿನ ಹುಚ್ಚರು ಮಾತ್ರ. ಹಾಗಾಗಿ ಬೆಂಗಳೂರಿನ ಸ್ಪೇರ್ಸ್ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಒಳ್ಳೇ ಸೆಟ್ ಕಣ್ಣಿಗೆ ಬಿದ್ದರೆ ಇನ್ನೊಂದು ತೆಗೆದಿಡುವುದರಲ್ಲಿ ತಪ್ಪಿಲ್ಲ.

ಈ ರೆಡಿ ಸೆಟ್‌ನ ದೊಡ್ಡ ಅನುಕೂಲ ಅಳತೆ. ಔಟರ್ ತಂದ ಹಾಗೇ ಕೂತಿತು, ತುದಿ ಮಾತ್ರ ಸ್ವಲ್ಪ ಸವರಬೇಕಾಯಿತು. ಕಷ್ಟ ಇರುವುದು ಪಟ್ಟಿಯನ್ನು ಡೋರಿನ ಅಂಚಿಗೆ ಹಿಡಿಯುವ ಕ್ಲಿಪ್‌ನಲ್ಲಿ. ತಗಡು ತೆಳು, ಹಿಡಿತ ಸಡಿಲ. ಗಾಜು ಇಳಿಸುವಾಗ ಪಟ್ಟಿಯೂ ಅದರ ಜೊತೆ ಒಳಗೆ ಇಣುಕುತ್ತದೆ. ಇಕ್ಕಳದಲ್ಲಿ ಒಂದೊಂದೇ ಕ್ಲಿಪ್ಪಿನ ಬಾಯಿ ಬಿಗಿ ಮಾಡಿದ ಮೇಲೆ ನೆಟ್ಟಗಾಯಿತು. ಗಾಜಿಗೆ ತಾಗುವ ಕಡೆ ವೆಲ್ವೆಟ್ ಇದೆಯಾ ಅಂತ ಕೊಳ್ಳುವಾಗಲೇ ನೋಡಿ. ಕೆಲವು ಸೆಟ್ಟಿನಲ್ಲಿ ಬರೀ ರಬ್ಬರ್ ಇರುತ್ತದೆ. ಅದು ಹೊಸದರಲ್ಲಿ ಚೆನ್ನಾಗಿಯೇ ಒರೆಸುತ್ತದೆ, ಆದರೆ ಗಾಜು ಏರಿಸುವಾಗ ಕೀರಲು ದನಿ, ಹ್ಯಾಂಡಲ್ ಭಾರ.

ಹಳೇ ಸ್ಟಾಕ್ ಬಗ್ಗೆ ನನಗೆ ಬಹಳ ಆಸೆ ಇತ್ತು. ಕಂಪನಿ ಕಾಲದ ಮಾಲು, ಕವರ್ ಕೂಡ ಒಡೆದಿಲ್ಲ, ಬೆಲೆಯೂ ರೆಡಿ ಸೆಟ್‌ಗಿಂತ ಜಾಸ್ತಿ. ಕ್ಲಿಪ್‌ಗಳು ನಿಜಕ್ಕೂ ಬೇರೆಯೇ. ದಪ್ಪ ಸ್ಪ್ರಿಂಗ್ ಸ್ಟೀಲ್, ಡೋರಿನ ಅಂಚಿಗೆ ಟಕ್ ಅಂತ ಕಚ್ಚಿಕೊಂಡವು. ಆದರೆ ರಬ್ಬರ್ ಕವರಿನೊಳಗಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಗಾಳಿಯಲ್ಲಿರುವ ಓಝೋನ್ ತಾಗಿ ಮೇಲ್ಮೈ ಬಿರಿಯುತ್ತದೆ, ಮೆತ್ತಗೆ ಇಡುವ ಅಂಶ ನಿಧಾನಕ್ಕೆ ಹೊರಗೆ ಬರುತ್ತದೆ. ನೋಡಲು ಹೊಸದು, ಬಗ್ಗಿಸಿದರೆ ಕೂದಲಿನಷ್ಟು ಸಣ್ಣ ಬಿರುಕು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ತುಟಿ ಗಾಜಿನಿಂದ ದೂರ ಸರಿದು ನಿಂತಿತು. ಮಳೆಯಲ್ಲಿ ಮೂರರ ಪೈಕಿ ಕಳಪೆ ಇದೇ. ಆ ಕ್ಲಿಪ್‌ಗಳನ್ನು ಮಾತ್ರ ಎತ್ತಿಟ್ಟುಕೊಂಡಿದ್ದೇನೆ, ಯಾರು ಕೇಳಿದರೂ ಕೊಡುವುದಿಲ್ಲ.

ರೋಲ್ ವಿಷಯದಲ್ಲಿ ಮೇಸ್ತ್ರಿಗಳು ಮೂಗು ಮುರಿಯುತ್ತಾರೆ. 'ಅದು ಬಸ್ಸಿಗೆ ಹಾಕೋದು ಸರ್' ಅಂದರು ಒಬ್ಬರು. ಔಟರ್ ಮಟ್ಟಿಗೆ ಅವರ ಮಾತು ಸರಿ. ಪದ್ಮಿನಿಯ ಅಂಚಿಗೆ ಹೊಂದುವ ಆಕಾರ ರೋಲಿನಲ್ಲಿ ಸಿಗುವುದು ಕಷ್ಟ. ಹತ್ತಿರದ್ದನ್ನು ಹಾಕಿದರೆ ಕೂರುತ್ತದೆ, ಆದರೆ ಉಬ್ಬಿದ ಹಾಗೆ ಕಾಣುತ್ತದೆ. ಚಾನಲ್ ಮಟ್ಟಿಗೆ ನಾನು ಒಪ್ಪುವುದಿಲ್ಲ. ಇ.ಪಿ.ಡಿ.ಎಂ. ರಬ್ಬರಿನ, ಒಳಗೆ ನೈಲಾನ್ ವೆಲ್ವೆಟ್ ಇರುವ ರೋಲ್ ತಂದೆ. ಇ.ಪಿ.ಡಿ.ಎಂ. ಬಿಸಿಲಿಗೂ ಓಝೋನಿಗೂ ಸುಲಭಕ್ಕೆ ಜಗ್ಗುವುದಿಲ್ಲ, ಈಗಿನ ಕಾರುಗಳಲ್ಲೂ ಇರುವುದು ಅದೇ ಜಾತಿ. ಹಿಂದಿನ ಗಾಜುಗಳು ಈಗ ಉಬ್ಬು ಹಾರಿಸಿದರೂ ಸದ್ದು ಮಾಡುವುದಿಲ್ಲ. ರೆಡಿ ಸೆಟ್‌ನ ಚಾನಲ್ ಇದರ ಹತ್ತಿರ ಬರುವುದಿಲ್ಲ, ಅದರ ವೆಲ್ವೆಟ್ ಆಗಲೇ ಅಲ್ಲಲ್ಲಿ ಸವೆದು ಹೊಳೆಯುತ್ತಿದೆ.

ರೋಲ್ ಕೊಳ್ಳುವಾಗ ಗಾಜಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದುಕೊಂಡೇ ಹೋಗಿ. ಚಾನಲ್ ಬಿಗಿ ಇದ್ದಷ್ಟೂ ಒಳ್ಳೆಯದು ಅನ್ನುವವರಿದ್ದಾರೆ, ಅದನ್ನು ನಂಬಬೇಡಿ. ಬಿಗಿ ಚಾನಲ್‌ನ ಹೊರೆಯೆಲ್ಲ ಬೀಳುವುದು ಗ್ಲಾಸ್ ಮೆಷಿನ್ ಮೇಲೆ. ಹ್ಯಾಂಡಲ್ ತಿರುಗಿಸಿದಾಗ ಗಾಜನ್ನು ಎತ್ತುವ ಆ ಹಲ್ಲುಚಕ್ರ ಮೊದಲೇ ದಶಕಗಳಷ್ಟು ಹಳೆಯದು. ಹಲ್ಲು ಸವೆದರೆ ರಬ್ಬರಿನ ಹತ್ತುಪಟ್ಟು ತಲೆನೋವು. ಬದಲಿ ಮೆಷಿನ್ ಸಿಗುತ್ತಿಲ್ಲ ಅಂತಲೇ ಎಷ್ಟೋ ಪದ್ಮಿನಿಗಳ ಗಾಜು ಮರದ ತುಂಡಿನ ಮೇಲೆ ನಿಂತಿದೆ. ಎರಡು ಬೆರಳಲ್ಲಿ ಹ್ಯಾಂಡಲ್ ತಿರುಗಬೇಕು. ತಿರುಗದಿದ್ದರೆ ಒಂದು ಸೈಜ್ ಸಡಿಲದ್ದು ತನ್ನಿ.

ಹಾಕುವ ಕೆಲಸ ಮೂರಕ್ಕೂ ಹೆಚ್ಚುಕಡಿಮೆ ಒಂದೇ. ಹ್ಯಾಂಡಲ್, ಡೋರಿನ ಒಳಬದಿ ಮುಚ್ಚುವ ಪ್ಯಾಡ್ ಬಿಚ್ಚಿ ಗಾಜು ಪೂರ್ತಿ ಇಳಿಸಬೇಕು. ಬಣ್ಣದ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹಳೇ ಪಟ್ಟಿಯನ್ನು ಮರದ ಚೂಪಿನಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಬೇಡ. ಕೆಳಗೆ ತುಕ್ಕು ಇದ್ದೇ ಇರುತ್ತದೆ, ವೈರ್ ಬ್ರಷ್ ಹಾಕಿ ಪ್ರೈಮರ್ ಬಳಿದು ಒಣಗಿದ ಮೇಲೆಯೇ ಹೊಸದನ್ನು ಕೂರಿಸಿ. ಚಾನಲ್ ಕೂರಿಸುವಾಗ ರಬ್ಬರನ್ನು ಎಳೆಯಬಾರದು, ಒತ್ತಿ ಒತ್ತಿ ತುಂಬಬೇಕು. ಎಳೆದು ಕೂರಿಸಿದ ರಬ್ಬರ್ ಕೆಲವೇ ವಾರದಲ್ಲಿ ಕುಗ್ಗಿ ತುದಿಯಲ್ಲಿ ಬಾಯಿ ಬಿಡುತ್ತದೆ. ಮೇಲಿನ ಮೂಲೆಯಲ್ಲಿ ರೋಲ್ ಸುಕ್ಕುಗಟ್ಟಿದರೆ ಪಕ್ಕದ ಗೋಡೆಗೆ ಮಾತ್ರ ಸಣ್ಣ ಕಚ್ಚು ಕೊಡಿ, ತಳ ಕತ್ತರಿಸಬೇಡಿ. ಜಾರಲು ಸಿಲಿಕೋನ್ ಸ್ಪ್ರೇ ಸಾಕು. ಗ್ರೀಸ್, ಆಯಿಲ್ ತಾಗಿದರೆ ಇ.ಪಿ.ಡಿ.ಎಂ. ಊದಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಅನ್ನುವವರೂ ಉಂಟು. ಅದಕ್ಕೆ ಹಿಡಿಯುವ ಧೂಳೇ ಗಾಜನ್ನು ಗೀರುತ್ತದೆ.

ಈಗ ಎಡಗಡೆ ಡೋರಿನ ಹಳೇ ರಬ್ಬರ್ ಕಿತ್ತು ಅಲ್ಲಿಗೂ ರೆಡಿ ಸೆಟ್‌ನ ವೆಲ್ವೆಟ್ ಔಟರ್ ಹಾಕಿದ್ದೇನೆ, ಹಿಡಿತಕ್ಕೆ ಆ ಹಳೇ ಕ್ಲಿಪ್‌ಗಳೇ. ಚಾನಲ್ ಮಾತ್ರ ನಾಲ್ಕಕ್ಕೂ ರೋಲಿನದ್ದು. ಹಿಂದಿನ ಡೋರುಗಳ ಉಬ್ಬಿದ ಔಟರ್ ಚೆಂದವಿಲ್ಲ, ನೀರು ತಡೆಯುತ್ತಿದೆ ಅಂತ ಹಾಗೇ ಬಿಟ್ಟಿದ್ದೇನೆ.

ಇಷ್ಟು ಮಾಡಿದರೂ ಜೋರು ಮಳೆಯಲ್ಲಿ ಡೋರಿನೊಳಗೆ ಸ್ವಲ್ಪ ನೀರು ಇಳಿಯುತ್ತದೆ. ಯಾವ ಕಾರಿನಲ್ಲೂ ಅಷ್ಟೇ, ಅದಕ್ಕೇ ತಳದಲ್ಲಿ ತೂತು ಇಟ್ಟಿರುವುದು. ಎಷ್ಟೋ ಗಾಡಿಗಳಲ್ಲಿ ಆ ತೂತು ಮಣ್ಣು, ಪುಟ್ಟಿ, ಪೇಂಟ್‌ನಲ್ಲಿ ಮುಚ್ಚಿಹೋಗಿರುತ್ತದೆ. ಪ್ಯಾಡ್ ಬಿಚ್ಚಿದ್ದೀರಲ್ವಾ, ಒಂದು ತಂತಿ ಹಾಕಿ ಬಿಡಿಸಿ. ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಹೊಸದು ಅಂಟಿಸಿಯೇ ಪ್ಯಾಡ್ ಮುಚ್ಚಿ. ಅದಿಲ್ಲದಿದ್ದರೆ ಪ್ಯಾಡಿನ ರಟ್ಟು ನೀರು ಕುಡಿದು ಸೊಟ್ಟಗಾಗುತ್ತದೆ.